ಕೆಂಚನ ಮುಂಗಾಲಿನ ಹುಣ್ಣು

ಹಸು ಒದೆಯುವಾಗ ಎಲ್ಲಿ ನಿಂತಿರಬೇಕು, ಎಮ್ಮೆ ಹೊಟ್ಟೆ ಉಬ್ಬರಿಸಿಕೊಂಡರೆ ಎಲ್ಲಿ ಚುಚ್ಚಬೇಕು ಎಂಬುದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ನಾಯಿಯೊಂದು ತನ್ನ ಕಾಲನ್ನು ತಾನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡರೆ ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ, ಅದೇ ತೊಂದರೆಯಾಯಿತು.

ಎಂಬತ್ತರ ದಶಕದ ನಡುವಿನ ಮಾತು. ಮಾಗಡಿ ರಸ್ತೆ ಕಡೆಯ ಒಂದು ಪಶು ಚಿಕಿತ್ಸಾಲಯದಲ್ಲಿ ನಾನೊಬ್ಬಳೇ ಡಾಕ್ಟರು. ಸುತ್ತಲಿನ ಹಳ್ಳಿಗಳ ಹೊಲಗಳು ಸೈಟುಗಳಾಗುತ್ತಿದ್ದರೂ ಕೊಟ್ಟಿಗೆಗಳಲ್ಲಿ ಇನ್ನೂ ದನಗಳಿದ್ದವು. ಹೆಗ್ಗನಹಳ್ಳಿಯಿಂದಲೂ ಹಗ್ಗ ಹಿಡಿದು ನಡೆಸಿಕೊಂಡು ಬರುತ್ತಿದ್ದರು. ಹೆಣ್ಣು ಡಾಕ್ಟರನ್ನು ನೋಡಿ ಮೊದಮೊದಲು ಮುಸಿಮುಸಿ ನಗುತ್ತಿದ್ದವರು, ನಾನು ತೋಳಿನವರೆಗೂ ಕೈ ಹಾಕಿ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಒಂದು ಕರುವನ್ನು ಎಳೆದ ಮೇಲೆ ನಗುವುದನ್ನು ಬಿಟ್ಟರು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದೂ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

ಕೆಲಸ ಮುಗಿದರೆ ವಿಜಯನಗರದ ಮಹಡಿ ಮೇಲಿನ ರೂಮು. ಬೆಳಿಗ್ಗೆ ಕಾಫಿ ಕುಡಿದು ಇಟ್ಟ ಲೋಟ ಸಂಜೆ ಬೀಗ ತೆಗೆದಾಗ ಇಟ್ಟ ಕಡೆಯೇ ಇರುತ್ತಿತ್ತು. ಹಿರಿಯೂರು ಕಡೆಯವಳಾದ ನನಗೆ ಇಲ್ಲಿ ನೆಂಟರೂ ಇರಲಿಲ್ಲ, ಗೆಳತಿಯರೂ ಇರಲಿಲ್ಲ. ದಿನವಿಡೀ ದನಗಳ ಮೇಲೆ, ದನದವರ ಮೇಲೆ ಕೂಗಾಡಿದವಳಿಗೆ ಸಂಜೆ ಆರರ ಮೇಲೆ ತುಟಿ ಬಿಚ್ಚುವ ಸಂದರ್ಭವೇ ಬರುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಹೊಸಹಳ್ಳಿಯ ಒಬ್ಬ ಹೆಂಗಸು ಕೆಂಚ ಎಂಬ ಕೆಂಪು ಬಣ್ಣದ ಒಂದು ನಾಟಿ ನಾಯಿಯನ್ನು ಸರಪಳಿ ಹಿಡಿದು ತಂದಳು. ವಯಸ್ಸು ಮೂವತ್ತೈದರ ಆಚೀಚೆ. ಸೆರಗನ್ನು ಬಿಗಿಯಾಗಿ ಸುತ್ತಿ, ಬೇರೆಯವರ ಸರದಿ ಮುಗಿಯುವ ತನಕ ಮೂಲೆಯಲ್ಲಿ ನಿಂತಿದ್ದಳು.

"ಡಾಕ್ಟ್ರಮ್ಮ, ಇದು ತನ್ ಕಾಲ್ನ ತಾನೇ ತಿಂತಾ ಐತೆ. ಏನ್ ಮಾಡಿದ್ರೂ ಬಿಡಾಕಿಲ್ಲ."

ಎಡ ಮುಂಗಾಲು, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ. ಕೂದಲು ಉದುರಿ, ಚರ್ಮ ದಪ್ಪಗಾಗಿ ಅಂಚು ಎದ್ದು, ನಡುವೆ ಹಸಿ ಹಸಿ ಕೆಂಪು. ನಾನು ಮುಟ್ಟಿದರೆ ನಾಯಿ ಕುಂಯ್ ಅನ್ನಲಿಲ್ಲ. ಕೈ ತೆಗೆದ ತಕ್ಷಣ ತಲೆ ಬಗ್ಗಿಸಿ ನೆಕ್ಕತೊಡಗಿತು. ಚಪ್ ಚಪ್ ಚಪ್. ಕಣ್ಣು ಎಲ್ಲೋ ಇರುತ್ತಿತ್ತು, ನಾಲಿಗೆ ಮಾತ್ರ ಕೆಲಸ ಮಾಡುತ್ತಿತ್ತು.

ಇಂಥದಕ್ಕೆ ಕಾರಣ ಹುಡುಕುವ ಕ್ರಮ ನನಗೆ ಗೊತ್ತಿತ್ತು. ಮುಳ್ಳು ಮುರಿದಿದೆಯೇ ಎಂದು ಒತ್ತಿ ನೋಡಿದೆ. ರಕ್ತ ಹೀರುವ ಉಣ್ಣೆ ಇದೆಯೇ ಎಂದು ಬೆರಳಿನ ಸಂದುಗಳನ್ನೆಲ್ಲ ಬಿಡಿಸಿದೆ. ಕೀಲು ಮಡಿಸಿ ನೋವಿದೆಯೇ ಎಂದು ಪರೀಕ್ಷಿಸಿದೆ. ಚರ್ಮ ಕೆರೆದು ಗಾಜಿನ ಮೇಲೆ ಹಾಕಿ, ಕಜ್ಜಿಯ ಹುಳುವೇನಾದರೂ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಏನೂ ಇರಲಿಲ್ಲ. ಸರಿ, ಹುಣ್ಣಿಗೆ ಹುಣ್ಣಿನ ಔಷಧಿ ಎಂದು ಸುತ್ತಲಿನ ಕೂದಲು ಕತ್ತರಿಸಿ, ಪರ್ಮಾಂಗನೇಟ್ ನೀರಿನಲ್ಲಿ ತೊಳೆದು, ಮುಲಾಮು ಹಚ್ಚಿ, ಬ್ಯಾಂಡೇಜು ಸುತ್ತಿ, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದೆ.

"ವಾಸಿ ಆಯ್ತದಾ ಡಾಕ್ಟ್ರಮ್ಮ?"

"ಆಗದೆ ಏನು? ಹೋಗಿ ಬನ್ನಿ."

ಹೊರಡುವವಳು ಬಾಗಿಲಲ್ಲಿ ನಿಂತಳು. "ನಮ್ಮೆಜಮಾನ್ರು ಲಾರಿ ಓಡುಸ್ತಾರೆ. ಬೊಂಬಾಯಿ ಲೋಡು. ಈ ಸಲ ಬರೋ ಹೊತ್ಗೆ ವಾಸಿ ಆಗ್ದಿದ್ರೆ ಇದುನ್ನ ಲಾರಿಗೆ ಹಾಕ್ಕೊಂಡೋಗಿ ಸಿರಾ ದಾಟ್ಸಿ ಬಿಟ್‌ಬತ್ತೀನಿ ಅಂದವ್ರೆ. ಹುಣ್ಣಿನ ವಾಸ್ನೆ ಆಗಾಕಿಲ್ಲ ಅವ್ರಿಗೆ." ಸ್ವಲ್ಪ ತಡೆದು, "ಮನೇಲಿ ನಾನೂ ಇದೂ ಇಬ್ರೇ," ಎಂದಳು.

ಬ್ಯಾಂಡೇಜು ಮಾರನೆಯ ದಿನದವರೆಗೂ ಉಳಿಯಲಿಲ್ಲ. ಅದನ್ನು ಸೀಳಿ ಹಾಕಿ ಮತ್ತೆ ನೆಕ್ಕಿತ್ತು. ಬೇವಿನೆಣ್ಣೆ ಹಚ್ಚಿಸಿದೆ. ಅದನ್ನೂ ನೆಕ್ಕಿ ಬಾಯಿ ಚಪ್ಪರಿಸಿತಂತೆ. ಕಹಿಯಾದ ಕ್ವಿನೈನ್ ಮಾತ್ರೆ ಅರೆದು ಬ್ಯಾಂಡೇಜಿನ ಮೇಲೆ ಬಳಿದೆ. ಒಂದು ಹೊತ್ತು ಮುಖ ಕಿವುಚಿಕೊಂಡು ಸುಮ್ಮನಿದ್ದು, ಆಮೇಲೆ ಬಲ ಮುಂಗಾಲನ್ನು ನೆಕ್ಕಲು ಶುರು ಮಾಡಿತು. ಒಂದು ಕಾಲಿನದು ಸಾಲದೆಂದು ಇನ್ನೊಂದಕ್ಕೂ ಅಂಟಿಸಿದ ಕೀರ್ತಿ ನನಗೆ ಬಂತು. ನಾಯಿಯ ಮುಂದೆ ಸೋತು ಸೋತು ನನಗೆ ರೋಸಿಹೋಯಿತು.

ಈಗಿನಂತೆ ನೆಕ್ಕದಂತೆ ಕುತ್ತಿಗೆಗೆ ಹಾಕುವ ಆಲಿಕೆಯಾಕಾರದ ಪಟ್ಟಿಗಳು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಾನೇ ಒಂದು ಪ್ಲಾಸ್ಟಿಕ್ ಬಕೆಟ್ಟು ಕೊಂಡು, ತಳ ಕತ್ತರಿಸಿ, ಅಂಚಿನ ಸುತ್ತ ಕಾದ ಕಬ್ಬಿಣದಿಂದ ತೂತು ಮಾಡಿ, ಲಾಡಿ ಪೋಣಿಸಿ ಕೆಂಚನ ಕೊರಳಪಟ್ಟಿಗೆ ಕಟ್ಟಿದೆ. ತಲೆ ಬಕೆಟ್ಟಿನೊಳಗೆ, ನಾಲಿಗೆ ಕಾಲಿಗೆ ಎಟುಕುವಂತಿಲ್ಲ. ಇದನ್ನು ಕಟ್ಟಲು ಅವರ ಮನೆಗೇ ಹೋಗಿದ್ದೆ. ರೂಮಿಗೆ ಹೋಗುವ ದಾರಿಯಲ್ಲೇ ಹೊಸಹಳ್ಳಿ, ಹಾಗಾಗಿ ಸಂಜೆ ಸಂಜೆ ನೋಡಿಕೊಂಡು ಹೋಗುತ್ತೇನೆ ಎಂದೆ. ರೂಮಿಗೆ ಬೇಗ ಹೋಗಿ ಮಾಡುವುದೂ ಏನಿರಲಿಲ್ಲ.

ಉದ್ದನೆಯ ಹಳೆಯ ಹೆಂಚಿನ ಮನೆ. ಜಮೀನೆಲ್ಲ ಲೇಔಟಿಗೆ ಹೋದ ಮೇಲೆ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದು ಮನೆ ಭಾಗವಾಗಿತ್ತು. ನಡುವೆ ಹೊಸ ಇಟ್ಟಿಗೆಯ ಗೋಡೆ ಎದ್ದಿತ್ತು. ಹಿತ್ತಲಿನಲ್ಲಿ ಆ ಗೋಡೆ ಬಾವಿಯವರೆಗೆ ಬಂದು ನಿಲ್ಲುತ್ತಿತ್ತು. ಬಾವಿಯನ್ನು ಪಾಲು ಮಾಡಲು ಬರುವುದಿಲ್ಲವಲ್ಲ, ಅದು ಇಬ್ಬರಿಗೂ ಸೇರಿದ್ದು. ಆಚೆಗೊಂದು ರಾಟೆ, ಈಚೆಗೊಂದು ರಾಟೆ, ಕಟ್ಟೆಯ ಪಕ್ಕದಲ್ಲಿ ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದಿ. ಆಚೆ ಅಣ್ಣನ ಸಂಸಾರ: ಹೆಂಡತಿ, ಇಸ್ಕೂಲಿಗೆ ಹೋಗುವ ಮಕ್ಕಳು, ಒಂದು ಹಸು. ಈಚೆ ಇವಳು. ಮಕ್ಕಳಿಲ್ಲ, ಗಂಡ ಹದಿನೈದು ದಿನಕ್ಕೊಮ್ಮೆ ಬಂದರೆ ಬಂದ.

"ಪಂಚಾಯ್ತಿನೋರು ಹಸ ಅವ್ರಿಗೆ, ನಾಯಿ ನಮ್ಗೆ ಅಂತ ಮಾಡುದ್ರು," ಎಂದಳು. "ಇವ್ಳು ಒಂಟಿ ಹೆಂಗ್ಸು, ಕಾವಲಿಗೆ ಇರ್ಲಿ ಅಂದ್ರು. ಬಿಟ್ರೆ ಆ ಮನೆಗೇ ಓಡ್ತದೆ, ಅದ್ಕೇ ಕಟ್ ಹಾಕಿರೋದು."

"ಓರಗಿತ್ತಿ ಹತ್ರ ಮಾತಿಲ್ವಾ?"

"ಆ ಮನೆ ನೀರು ಮುಟ್ಟಾಕಿಲ್ಲ, ಮಾತಾಡ್ಸಾಕಿಲ್ಲ ಅಂತ ಗಂಡುಸ್ರು ಆಣೆ ಹಾಕ್ಸವ್ರೆ. ಇಬ್ರುಗೂವೆ."

ಬಕೆಟ್ಟು ಕಟ್ಟಿದ ಮೇಲೆ ಗೆದ್ದೆ ಎಂದುಕೊಂಡೆ. ಮಾರನೆಯ ಸಂಜೆ ಹೋದರೆ ಬಕೆಟ್ಟು ಬಾವಿಯ ಕಂಬದ ಮೊಳೆಗೆ ನೇತುಬಿದ್ದಿತ್ತು. ಕೆಂಚ ಆರಾಮವಾಗಿ ಮಲಗಿ ನೆಕ್ಕುತ್ತಿತ್ತು. ಹುಣ್ಣಿನ ಮೇಲೆ ಹಳದಿಯಾಗಿ ಏನೋ ಮಿರುಗುತ್ತಿತ್ತು, ಮೂಸಿ ನೋಡಿದೆ. ಅರಿಸಿನ, ಜೊತೆಗೆ ಬೆಣ್ಣೆ! ನಾಯಿಯ ಹುಣ್ಣಿಗೆ ಬೆಣ್ಣೆ ಹಚ್ಚಿದರೆ ನೆಕ್ಕದೆ ಇನ್ನೇನು ಮಾಡುತ್ತದೆ? ಬಾ ತಿನ್ನು ಎಂದು ತಟ್ಟೆ ಇಟ್ಟಂತೆ.

"ಯಾರ್ರೀ ಹಚ್ಚಿದ್ದು ಇದನ್ನ?"

"ನಾನಲ್ಲ ಡಾಕ್ಟ್ರಮ್ಮ."

"ನೀವಲ್ಲದೆ ಇನ್ಯಾರು ಬರ್ತಾರೆ ಇಲ್ಲಿಗೆ?"

ಅವಳು ಹುಣ್ಣು ತೊಳೆಯಲು ನೀರು ತಂದಿಟ್ಟಳು. ಹುಣ್ಣು ತೊಳೆದು, ಮತ್ತೆ ಬಕೆಟ್ಟು ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿ ಬಂದೆ. ಮಾರನೆಯ ದಿನವೂ ಅದೇ ಮೊಳೆ, ಅದೇ ಬೆಣ್ಣೆ. ನಾನು ಕೂಗಾಡಿದೆ. ಇವಳ ಮನೆಗೆ ಬರುವುದು ಬೂತಿನ ಹಾಲು, ಅದರಲ್ಲಿ ಎಲ್ಲಿಂದ ಬೆಣ್ಣೆ ತೆಗೆಯುತ್ತಾಳೆ ಎಂಬ ಯೋಚನೆ ಕೂಗಾಡುವಾಗ ಹೊಳೆಯಲಿಲ್ಲ. ದಾರಿಯಲ್ಲಿ ನಡೆಯುತ್ತ ಬರುವಾಗ ಹೊಳೆಯಿತು.

ಅಷ್ಟರಲ್ಲಿ ಹುಣ್ಣು ಆಳಕ್ಕಿಳಿದಿತ್ತು. ಒತ್ತಿದರೆ ಕೀವು. ನೊಣ ಕೂತು ಹುಳ ಬಿದ್ದರೆ, ಮೂಳೆಗೆ ಇಳಿದರೆ ಕಾಲನ್ನೇ ತೆಗೆಯಬೇಕಾಗುತ್ತದೆ. ಮೂರು ಕಾಲಿನ ನಾಯಿಯನ್ನು ಅವಳ ಗಂಡ ಸಿರಾವರೆಗೂ ಒಯ್ಯಲಾರ, ತುಮಕೂರಿಗೆ ಮೊದಲೇ ಇಳಿಸಿಬಿಟ್ಟಾನು. ಆ ವಾರದೊಳಗೆ ಅವನು ಬರುವವನಿದ್ದ.

ಆಗ ನಾನು ಒಂದು ನಿರ್ಧಾರ ಮಾಡಿದೆ. ಹುಣ್ಣನ್ನು ನೋಡಿದ್ದು ಸಾಕು, ನಾಯಿ ಹಗಲು ಹೇಗೆ ಕಳೆಯುತ್ತದೆಂದು ನೋಡೋಣ. ರಜೆ ಹಾಕಿ ಬೆಳಿಗ್ಗೆಯೇ ಹೋಗಿ ಅವರ ಅಡುಗೆಮನೆಯ ಹಿಂಬಾಗಿಲಿನ ಒಳಗೆ, ನಾಯಿಗೆ ಕಾಣದಂತೆ ಒಂದು ಮಣೆ ಹಾಕಿಕೊಂಡು ಕೂತೆ.

ಬೆಳಿಗ್ಗೆ ಗೋಡೆಯ ಆಚೆ ಗದ್ದಲವೋ ಗದ್ದಲ. ಜಡೆ ಎಳೆದಳೆಂದು ಒಂದು ಮಗು ಕಿರುಚಿತು, ಇನ್ನೊಂದು ಚಡ್ಡಿ ಎಲ್ಲಿ ಎಂದು ಕೇಳಿತು. ಕೆಂಚ ಬಕೆಟ್ಟಿನೊಳಗಿಂದ ಕಿವಿ ನೆಟ್ಟಗೆ ಮಾಡಿ, ಸರಪಳಿ ಎಳೆದು, ಗೋಡೆಗೆ ಮುಖ ಮಾಡಿ ನಿಂತಿತ್ತು. ಬಾಲ ಆಡುತ್ತಿತ್ತು. ಕಾಲಿನ ನೆನಪೇ ಇರಲಿಲ್ಲ ಅದಕ್ಕೆ. ಮಕ್ಕಳು ಇಸ್ಕೂಲಿಗೆ ಹೊರಟವು, ಬಾಗಿಲು ಹಾಕಿದ ಸದ್ದಾಯಿತು. ಕೆಂಚ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕುಸಿದು ಕೂತು ಬಕೆಟ್ಟಿನ ಅಂಚಿಗೆ ನಾಲಿಗೆ ಹಚ್ಚಿತು. ಕಾಲು ಸಿಗಲಿಲ್ಲ, ಬಕೆಟ್ಟನ್ನೇ ನೆಕ್ಕುತ್ತಿತ್ತು.

ಒಳಗಿನಿಂದ ಇವಳು, "ಏಯ್ ಕೆಂಚ, ಬಿಡ್ಲಾ!" ಎಂದು ಕೂಗಿ ಹೊರಗೆ ಬಂದಳು. ನಾಯಿ ತಕ್ಷಣ ಬಿಟ್ಟು, ಅವಳ ಮುಖ ನೋಡಿ ಬಾಲ ಅಲ್ಲಾಡಿಸಿತು. ಅವಳು ಒಳಗೆ ಹೋದಳು, ಅದು ಮತ್ತೆ ನೆಕ್ಕಿತು. ಅವಳು ಮತ್ತೆ ಬಂದಳು. ಬೆಳಗಿನಿಂದ ಆ ಮನೆಯಲ್ಲಿ ಆಡಿದ ಮಾತೆಂದರೆ ಅದೊಂದೇ, ಬಿಡ್ಲಾ. ನೆಕ್ಕಿದರೆ ಯಾರಾದರೂ ಬರುತ್ತಾರೆ, ನೆಕ್ಕದಿದ್ದರೆ ಯಾರೂ ಬರುವುದಿಲ್ಲ ಎಂದು ನಾಯಿ ಕಲಿತುಕೊಂಡಿತ್ತು. ಕಲಿಸಿದವಳಿಗೆ ತಾನು ಕಲಿಸುತ್ತಿದ್ದೇನೆಂದು ಗೊತ್ತಿರಲಿಲ್ಲ.

ಊಟವಾದ ಮೇಲೆ ಅವಳು ಚಡಪಡಿಸತೊಡಗಿದಳು. "ನೀವೂ ವಸಿ ಒರ್ಗಿ ಡಾಕ್ಟ್ರಮ್ಮ," ಎಂದು ಬಲವಂತವಾಗಿ ನನ್ನನ್ನು ನಡುಮನೆಗೆ ಕರೆದು, ಚಾಪೆ ಹಾಸಿ, ಹಿಂಬಾಗಿಲನ್ನು ಅರ್ಧ ಮುಚ್ಚಿದಳು. ತಾನೂ ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚಿದಳು. ನಿದ್ದೆ ಮಾಡುತ್ತಿರಲಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಹಿತ್ತಲಿನಲ್ಲಿ ಕಾಲಸಪ್ಪಳ, ಬಳೆಯ ಸದ್ದು, ಸರಪಳಿಯ ಸದ್ದು.

"ಅಯ್ಯೋ ನನ್ ಕಂದ, ಇದೇನ್ಲಾ ತಲೆಗೆ ಬಕೀಟು ಕಟ್ಟವ್ರೆ ನಿಂಗೆ. ತಡಿ, ತೆಗೀತೀನಿ. ಬಾ, ಕಾಲ್ ಕೊಡು."

ಓರಗಿತ್ತಿ. ನಾನು ಎದ್ದೇಬಿಟ್ಟೆ. ಕೈಯಾರೆ ಹಿಡಿದು ನಾಲ್ಕು ಮಾತು ಅಂದೇ ತೀರಬೇಕೆಂದು ಸಿಟ್ಟು ಕುದಿಯುತ್ತಿತ್ತು. ಇವಳು ಮಲಗಿದಲ್ಲಿಂದಲೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತುಟಿಯ ಮೇಲೆ ಬೆರಳಿಟ್ಟಳು.

ಹೊರಗೆ ಆ ಹೆಂಗಸು ಬೆಣ್ಣೆ ಹಚ್ಚುತ್ತ ನಾಯಿಯೊಂದಿಗೆ ಮಾತಾಡುತ್ತಲೇ ಇದ್ದಳು. ಹಸು ಈಚೆಗೆ ಹಾಲು ಕಮ್ಮಿ ಮಾಡಿದೆ. ದೊಡ್ಡ ಮಗಳು ಲೆಕ್ಕದಲ್ಲಿ ಪಾಸಾಗಿದ್ದಾಳೆ. ಅತ್ತೆಯ ವರ್ಷದ ತಿಥಿ ಬರುವ ತಿಂಗಳು, ಈ ಸಲ ಎಡೆ ಯಾರು ಇಡುತ್ತಾರೋ. ಚಿಕ್ಕವನು ಚಿಕ್ಕಮ್ಮ ಎಲ್ಲಿ ಎಂದು ಕೇಳಿ ಅಪ್ಪನ ಕೈಲಿ ಏಟು ತಿಂದ. ನನ್ನ ಪಕ್ಕದಲ್ಲಿ ಮಲಗಿದ್ದವಳ ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ, ಬಳೆ ಸದ್ದಾದೀತೆಂದು.

ಆಕೆ ಹೋದ ಮೇಲೆ ನಾನು ಪಿಸುದನಿಯಲ್ಲೇ ರೇಗಿದೆ. "ನಿಮಗೆ ಮೊದಲಿಂದಲೂ ಗೊತ್ತಿತ್ತಾ?"

"ಹೂಂ."

"ನಾಯಿ ಕಾಲು ಕೊಳೀತಾ ಇದೆ. ಹೇಳೋದಲ್ವಾ?"

"ಹೇಳುದ್ರೆ ಅಕ್ಕ ಬರೋದು ನಿಂತೋಯ್ತದೆ," ಎಂದಳು. "ದಿನಾ ಇದೇ ಹೊತ್ಗೆ ಬತ್ತಾರೆ. ನಾನ್ ಮಲ್ಗಿದೀನಿ ಅಂತ ಅವ್ರು ಅನ್ಕೊಂಡವ್ರೆ. ನಮ್ಮನೆಗೆ ಬರೋರು ಅಂದ್ರೆ ಅವ್ರೊಬ್ರೇ ಡಾಕ್ಟ್ರಮ್ಮ."

ನನ್ನ ಕೋಪ ಎಲ್ಲಿ ಹೋಯಿತೋ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಮಲಗಿದಂತೆ ನಟಿಸುತ್ತಿದ್ದೆ. ಆದರೆ ಹೊರಗೆ ಒಂದು ಕಾಲು ಕೊಳೆಯುತ್ತಿತ್ತು, ಆ ಕಾಲಿನ ಡಾಕ್ಟರು ನಾನು.

ಬೆಣ್ಣೆ ನಿಲ್ಲಿಸಿದರೆ ಹುಣ್ಣು ಮಾಯಬಹುದು. ಆದರೆ ಸರಪಳಿಯಲ್ಲಿ ಒಂಟಿಯಾಗಿ ಕೂತಿರುವ ತನಕ ಅದು ಇನ್ನೊಂದು ಕಾಲನ್ನು ಹಿಡಿದೇ ಹಿಡಿಯುತ್ತದೆ. ಸರಪಳಿ ಬಿಚ್ಚಿದರೆ ಆ ಮನೆಗೆ ಓಡುತ್ತದೆ. ಮಕ್ಕಳ ಕೈಯಲ್ಲಿ, ಹಸುವಿನ ಪಕ್ಕದಲ್ಲಿ ಬೆಳೆದ ನಾಯಿಗೆ ಬೇಕಾಗಿದ್ದು ಆ ಗದ್ದಲವೇ. ಎಷ್ಟು ಕಡೆಯಿಂದ ಯೋಚಿಸಿದರೂ ಉತ್ತರ ಒಂದೇ ಬರುತ್ತಿತ್ತು, ಆ ಉತ್ತರವನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ನೆಲ ನೋಡಿಕೊಂಡು ಹೇಳಿದೆ. "ನಾಯಿನ ಆ ಮನೆಗೆ ಕೊಟ್ಟುಬಿಡಬೇಕಾಗುತ್ತೆ."

ಅವಳು ಎದ್ದು ಚಾಪೆ ಸುತ್ತಿದಳು. ಒಲೆಯ ಮೇಲೆ ನೀರಿಟ್ಟು ಕಾಫಿ ಮಾಡಿದಳು. ನನ್ನ ಮುಂದೆ ಲೋಟ ಇಟ್ಟ ಮೇಲೆ ಕೇಳಿದಳು: "ಕೊಟ್ರೆ ಬದುಕ್ಕೊಳ್ತದಾ?"

"ಬದುಕುತ್ತೆ."

"ಕೊಟ್ರೆ ಅಕ್ಕನೂ ಬರಾಕಿಲ್ಲ, ಇದೂ ಇರಾಕಿಲ್ಲ."

ಸುಳ್ಳು ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅವಳು ಒಲೆ ಆರಿಸಿ, ಮುಖ ತೊಳೆದು ಬಂದು ಸರಪಳಿ ಬಿಚ್ಚಿ ಕೈಗೆ ಸುತ್ತಿಕೊಂಡಳು. "ನೀವೂ ಬನ್ನಿ," ಎಂದಳು.

ಬಾವಿಯ ಸಂದಿಯಿಂದ ಹೋಗಬಹುದಿತ್ತು. ಅವಳು ಬೀದಿಯಿಂದ ಸುತ್ತಿ ಬಂದು ಆ ಮನೆಯ ಮುಂಬಾಗಿಲಿಗೆ ಹೋದಳು. ಓರಗಿತ್ತಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ನಮ್ಮನ್ನು ಕಂಡದ್ದೇ ಆಕೆಯ ಕೈಯ ಮೊರ ಹಾಗೆಯೇ ನಿಂತುಹೋಯಿತು. ಕೆಂಚ ಸರಪಳಿಯನ್ನು ಕೈಯಿಂದ ಕಿತ್ತುಕೊಂಡೇ ಮೆಟ್ಟಿಲು ಹತ್ತಿ ಆಕೆಯ ಮಡಿಲಿಗೆ ನುಗ್ಗಿತು. ರಾಗಿಯೆಲ್ಲ ಚೆಲ್ಲಾಪಿಲ್ಲಿಯಾಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವಳು ನನ್ನ ಕಡೆ ತಿರುಗಿ, "ಡಾಕ್ಟ್ರಮ್ಮ, ಬೆಣ್ಣೆ ಹಚ್ಬಾರ್ದು ಅಂತ ಯೋಳಿ," ಎಂದಳು.

ಆಕೆಯ ಮುಖ ಕಪ್ಪಿಟ್ಟಿತು. ಆಕೆಯೂ ನನ್ನನ್ನೇ ನೋಡಿ ಕೇಳಿದಳು: "ಯಾವಾಗ್ನಿಂದ ಗೊತ್ತಂತೆ ಕೇಳಿ."

"ಮೊದ್ಲಿಂದ್ಲೂ ಅಂತ ಯೋಳಿ."

ನಾನು ಯಾವುದನ್ನೂ ಹೇಳಬೇಕಾಗಿ ಬರಲಿಲ್ಲ. ಇಬ್ಬರಿಗೂ ಕೇಳಿಸಿತ್ತು. ಇವಳು ಸೆರಗು ಸುತ್ತಿಕೊಂಡು ಬೀದಿಗಿಳಿದು ಹೊರಟುಹೋದಳು. ನಾಯಿ ಒಂದು ಸಲವೂ ಅತ್ತ ನೋಡಲಿಲ್ಲ.

ಆಮೇಲಿನ ಚಿಕಿತ್ಸೆ ಆ ಮನೆಯಲ್ಲಿ ನಡೆಯಿತು. ಓರಗಿತ್ತಿಗೆ ಬಕೆಟ್ಟು ಯಾಕೆ ಬೇಕೆಂದು ವಿವರಿಸಿದಾಗ, "ಮೊದ್ಲೇ ಯೋಳಿದ್ರೆ ಮುಟ್ತಿರ್ಲಿಲ್ಲ ಕನ್ರವ್ವ, ಹಿಂಸೆ ಮಾಡ್ತಾವ್ರೆ ಅನ್ಕೊಂಡೆ," ಎಂದು ಕಣ್ಣೊರೆಸಿಕೊಂಡಳು. ಕೀವು ಹಿಂಡಿ ತೆಗೆದು, ದಿನವೂ ತೊಳೆದು, ಇಂಜೆಕ್ಷನ್ ಮುಂದುವರಿಸಿದೆ. ಮಕ್ಕಳಿಗೆ ಒಂದು ನಿಯಮ ಮಾಡಿದೆ. ಕೆಂಚ ನೆಕ್ಕಿದರೆ ಯಾರೂ ಮಾತಾಡಿಸಬಾರದು, ನೋಡಲೂಬಾರದು. ನೆಕ್ಕದೆ ಸುಮ್ಮನಿದ್ದಾಗ ಕರೆದು ಮುದ್ದು ಮಾಡಬೇಕು. ಮಕ್ಕಳು ಇದನ್ನು ಆಟ ಮಾಡಿಕೊಂಡು ನನಗಿಂತ ಕಟ್ಟುನಿಟ್ಟಾಗಿ ನಡೆಸಿದವು. ಹಸು ಮೇಯಲು ಹೋದರೆ ಅದರ ಹಿಂದೆ ಇದೂ ಬಕೆಟ್ಟು ಹೊತ್ತುಕೊಂಡು ಹೋಗುತ್ತಿತ್ತು, ಬೀದಿಯವರು ನಗುತ್ತಿದ್ದರು. ನಡುವೆ ಒಮ್ಮೆ ಬಲಗಾಲಿಗೆ ತಿರುಗಿ ನನ್ನನ್ನು ಹೆದರಿಸಿತು, ಆಮೇಲೆ ತಾನಾಗಿಯೇ ಮರೆಯಿತು. ಹುಣ್ಣು ಅಂಚಿನಿಂದ ಒಳಗೆ ಮಾಯುತ್ತ ಬಂದು, ಕೊನೆಗೆ ಕಪ್ಪನೆಯ ಒರಟು ಚರ್ಮವಾಗಿ ನಿಂತಿತು.

ಗಂಡ ಬಂದು ಹೋದ ಸುದ್ದಿ ಗೊತ್ತಾಯಿತು. ನಾಯಿ ಎಲ್ಲಿ ಎಂದನಂತೆ, ಡಾಕ್ಟರು ಕೊಡಿಸಿಬಿಟ್ಟರು ಎಂದಳಂತೆ, ಪೀಡೆ ತೊಲಗಿತು ಎಂದು ಮಲಗಿದನಂತೆ.

ಬಕೆಟ್ಟು ಬಿಚ್ಚಿದ ದಿನ ಮಧ್ಯಾಹ್ನ. ಆ ಮನೆಯಲ್ಲಿ ಕೆಲಸ ಮುಗಿಸಿ, ಇವಳನ್ನೂ ನೋಡಿಹೋಗೋಣ ಎಂದು ಈಚೆ ಬಾಗಿಲು ತಟ್ಟಿದೆ. ಹಿತ್ತಲ ಕಟ್ಟೆಯ ಮೇಲೆ ಕೂತೆವು. ಕಂಬಕ್ಕೆ ಸರಪಳಿ ಇರಲಿಲ್ಲ, ಅದು ಉಜ್ಜಿದ ಗೆರೆ ಮಾತ್ರ ಇತ್ತು.

"ವಾಸಿ ಆಯ್ತು," ಎಂದೆ.

"ಕಾಣ್ತು. ಬಾವಿ ಸಂದಿ ತಂಕ ಬತ್ತದೆ. ಈ ಕಂಬ ನೋಡ್ತದೆ, ವಾಪಸ್ ಹೋಯ್ತದೆ. ಎಷ್ಟ್ ಕರುದ್ರೂ ಈಚೆಗೆ ಕಾಲಿಡಾಕಿಲ್ಲ." ನಗಲು ನೋಡಿದಳು. "ಅದ್ನ ಏನಂದಾದು. ನಾನೇ ಕಟ್ ಹಾಕಿದ್ದು."

"ಅಕ್ಕ?"

ತಲೆ ಆಡಿಸಿದಳು. ಇಲ್ಲ. ಬರಲು ಇನ್ನು ನೆವವಾದರೂ ಏನಿತ್ತು? ಇನ್ನು ಈ ಬೀದಿಗೆ ಬರಲು ನನಗೂ ನೆವವಿಲ್ಲ ಎಂದು ಆಗಲೇ ನನಗೆ ಹೊಳೆದದ್ದು. ಸಂಕಟವಾಯಿತು.

ಗೋಡೆಯ ಆಚೆ ಬಟ್ಟೆ ಒಗೆಯುತ್ತಿದ್ದ ಸದ್ದು ನಿಂತಿತು.

"ಏನ್ಲಾ ಕೆಂಚ," ಎಂದಿತು ಓರಗಿತ್ತಿಯ ದನಿ, ನಾಯಿಯೊಂದಿಗೆ ಮಾತಾಡಲು ಬೇಕಾದದ್ದಕ್ಕಿಂತ ಬಹಳ ಜೋರಾಗಿ. "ಆ ಮನೇಲಿ ಇವತ್ತು ಒಲೆ ಹೊಗೇನೇ ಕಾಣ್ಲಿಲ್ವಲ್ಲ. ಅವ್ಳು ಉಂಡ್ಳೋ ಇಲ್ವೋ?"

ಇವಳು ಥಟ್ಟನೆ ಎದ್ದು ನಿಂತಳು. ಉತ್ತರ ಬಾಯಿಯವರೆಗೆ ಬಂದಿತ್ತು. ಆದರೆ ಯಾರಿಗೆ ಹೇಳುವುದು? ಆಣೆ ಇತ್ತು, ನಾಯಿ ಆಚೆಗಿತ್ತು. ಹಿತ್ತಲನ್ನೆಲ್ಲ ಒಮ್ಮೆ ನೋಡಿ ಕೊನೆಗೆ ನನ್ನನ್ನು ನೋಡಿದಳು. ಗೋಡೆ ದಾಟುವ ಹಾಗೆ ದನಿ ಎತ್ತಿ, "ಉಂಡೆ ಡಾಕ್ಟ್ರಮ್ಮ," ಎಂದಳು. "ರಾತ್ರಿ ಸಾರಿತ್ತು. ಮುದ್ದೆ ಒಂದ್ ಬೆಳುಗ್ಗೇನೇ ತಿರುವ್ಕೊಂಡೆ."

ನಾನೇನೂ ಕೇಳಿರಲಿಲ್ಲ. ಆದರೂ "ಹೂಂ" ಎಂದೆ, ನಾನೂ ಜೋರಾಗಿಯೇ.

ಆಚೆ ಬಟ್ಟೆ ಹಿಂಡಿದ ನೀರು ಕಲ್ಲಿನ ಮೇಲೆ ಬಿತ್ತು. ಆಮೇಲೆ ದನಿ ಮತ್ತೆ ಬಂತು.

"ಆ ಡಾಕ್ಟ್ರಮ್ಮಂದಾದ್ರೂ ಊಟ ಆಯ್ತೇನ್ಲಾ ಕೆಂಚ? ಯಾವಾಗ್ ನೋಡುದ್ರೂ ಒಣಗ್ದಂಗಿರ್ತಾರೆ."

ಈ ಊರಿಗೆ ಬಂದ ಮೇಲೆ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಇವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಗೋಡೆಯ ಕಡೆ ತಿರುಗಿ, ಆದಷ್ಟು ಗಟ್ಟಿಯಾಗಿ ಹೇಳಿದೆ.

"ಇನ್ನೂ ಇಲ್ಲ ಕಣೋ ಕೆಂಚ."